ನೀರ ಬಂದಾವ

ಗೋಕುಲ ರೋಡಿನ ಎಸ್ಟೇಟಿನ್ಯಾಗ ಕಂಚಿನ ವಾಲ್ವು ಕಡೀತಿದ್ದೆ,
ಹದಿನಾರು ವರ್ಷ. ಎಲ್ಲಿಗೆ ಹೋಗ್ತಾವ ಅಂತ ಕೇಳಿದವನಲ್ಲ.
ಹೆಸರು ಫಕ್ಕೀರಪ್ಪ, ಅಡ್ಡಹೆಸರು ಮುಳಗುಂದ.
ಇಂಥ ಅಡ್ಡಹೆಸರಿನಾಂವ ಹಡಗ ಹತ್ತಬಾರದೋ
ಅಂತ ಲೇತಿನ ಹುಡುಗರು ನಕ್ಕರು.
ಗೋವಾದ ಕುಟಿನ್ಹೊ ಸಾಹೇಬಗ ಕನ್ನಡ ಬರ್ತಿರಲಿಲ್ಲ. ಪಾರಾದೆ.

ಐದು ವಾಲ್ವು, ಒಂದು ಗೋಣಿಚೀಲ,
ಲೋಂಡಾ ದಾಟೂತನಕ ತೊಡಿ ಮ್ಯಾಲ.
ಹಾಯಿಹಡಗು ದಂಡಿಗೆ ಎತ್ತಿಟ್ಟಿದ್ರು. ಕೆಳಗ ಬಗ್ಗಿ ನೋಡಿದೆ:
ಹೊಟ್ಟ್ಯಾಗ ಐದು ತೂತು!
ತೇಲೂ ವಸ್ತುವಿಗೆ ಯಾರರೆ ಬೇಕಂತ ತೂತು ಕೊರೀತಾರ?
ಸಾಹೇಬ ತೋರಿಸಿದ: ಇದು ಸಂಡಾಸಿಗೆ ಸಮುದ್ರ ಒಳಗ ಬರೂದು,
ಇದು ಹೊರಗ ಹೋಗೂದು, ಇದು ಎಂಜಿನ್ನಿನ ತಂಪಿಗೆ,
ಇದು ಮುಸುರಿ ನೀರಿಗೆ.
ಐದನೇದು ಯಾತಕ್ಕಂತ ಅವಗೂ ನೆನಪಿರಲಿಲ್ಲ.
ಕೆರಿಗೆ ತೂಬಿದ್ದಂಗ, ಅಂದಕೊಂಡೆ.
ನಮ್ಮ ಕಡೆ ಕೆರಿ ಒಳಗ, ಹೊಲ ಹೊರಗ.
ಇಲ್ಲಿ ಹೊಲ ಒಳಗ. ಕೆರಿ ಸುತ್ತಾ.

ಒಂದೊಂದು ತೂಬಿಗೂ ಬಗರಿಯಂಥಾ ಮರದ ಬೆಣಿ
ಸುತಳಿಲೆ ಕಟ್ಟಿ ಜೋತುಬಿಟ್ಟಿರಬೇಕಂತ,
ವಾಲ್ವು ಮುರದ ರಾತ್ರಿ ಬಡಿಯಾಕ.
ಕಲಘಟಗಿಯಾಗ ತೊಟ್ಟಿಲ ಮಾಡೂ ಮಾನಪ್ಪ ಕಡದುಕೊಟ್ಟಿದ್ದ.
ಕೈ ಸುಮ್ಮನಿರಬೇಕಲ್ಲ, ಕೆಂಪು ಅರಗು ಹಚ್ಚಿ
ಹಳದಿ ಗೆರಿನೂ ಎಳದಿದ್ದ.
ಸಾಹೇಬ ಎಲ್ಲಾ ಕೆರದ ಹಾಕಿದ. ಬರೇ ಮೈ ಇದ್ರನ
ಕಟಗಿ ನೀರ ಕುಡದು ಉಬ್ಬತೈತಿ, ಬಿಗಿ ಆಗತೈತಿ ಅಂದ.
ಒಂದರ ಅಂಚಿಗೆ ಹಳದಿ ಉಳೀತು.

ಕೂಡಿಸಾಕ ಹೋದಾಂವ ಹನ್ನೊಂದು ದಿನ ಸಮುದ್ರದ ಮ್ಯಾಲ ಉಳದೆ.
ಮೊದಲಿನ ಮೂರು ದಿನದ ವಾಂತಿ ಇಲ್ಲಿ ಬರಿಯೂದಿಲ್ಲ.
ಸಂಡಾಸಿನ ಪಂಪು ಇಪ್ಪತ್ತು ಸಲ ಹೊಡಿ,
ವಾಲ್ವು ಮುಚ್ಚು, ಮುಚ್ಚಿದ್ಯೋ ಇಲ್ಲೋ ಮತ್ತೊಮ್ಮೆ ಮುಟ್ಟು.
ವಾಸರ ಒಣಗದಂಗ ವಾರಕ್ಕೊಂದು ಚಮಚ ಎಣ್ಣಿ.
ಪಾಯಪಿನ್ಯಾಗ ಸುಣ್ಣದಂಗ ಕಟ್ಟಿದ್ದಕ್ಕ ವಿನೆಗರ.
ಹುಣಸಿಹಣ್ಣು ಹಾಕೂಣೇನ್ರಿ ಅಂದೆ. ಸಾಹೇಬ ಬೈದ,
ಅವನ ಹೆಂಡತಿ ಇವೆಟ್ ಬಾಯಿ ಕಂಚಿಗೆ ತಿಕ್ಕಿಸಿ ನೋಡಿದ್ಲು.
ಮದುವಿಮನಿ ತಂಬಿಗಿ ಹೊಳದಂಗ ಹೊಳೀತು.

ಸೀನೀರಿನ ಟಾಕಿ ಮುನ್ನೂರು ಲೀಟರು, ಮೂರು ಮಂದಿ.
ಕಾಲಿಲೆ ತುಳದಷ್ಟ ನಳ ಉಗುಳತೈತಿ.
ಎರಡು ತಂಬಿಗಿಲೆ ಜಳಕ ಮುಗಿಸಿ ಬಂದೆ.
ಇಷ್ಟು ಲಗೂನ? ಅಂದ್ಲು ಬಾಯಿ.
ನಮ್ಮ ಓಣ್ಯಾಗ ಎಂಟು ದಿನಕ್ಕೊಮ್ಮೆ ರೀ, ಅಂದೆ.
ಜಳಕಾ? ಅಂತ ಆಕಿ ದೂರ ಸರದು ಕುಂತ್ಲು.

ಏಳನೇ ರಾತ್ರಿ ಮಂಪರಿನ್ಯಾಗ ಕಿವಿಗೆ ಬಿತ್ತು:
ಮೊದಲ ಒಂದಿಷ್ಟು ಗಾಳಿ ಉಸ್ಸಂದು, ಆಮ್ಯಾಲ ಬುಳುಬುಳು.
ಆ ಸಪ್ಪಳಕ್ಕ ಎದ್ದು ಎದ್ದು ಮುದುಕ ಆಗಾಕ ಬಂದೇನಿ.
ಕಣ್ಣು ತೆರಿಯೂಕಿಂತ ಮೊದಲ ಬಾಯಿ ಒದರಿತು:
ನೀರ ಬಂದಾವ! ನೀರ ಬಂದಾವ!
ಖುಷಿಲೆ ಒದರಿದ್ದೆ. ಕೈಯಾಗ ಬಕೀಟ ಸೈತ ಇತ್ತು.
ಕಾಲಿಟ್ಟೆ. ಹರಡಿನ ತನಕ ತಂಪು.
ಆಗ ತಿಳೀತು ಯಾವ ಓಣ್ಯಾಗ ಅದೇನಿ ಅಂತ.

ಸಾಹೇಬ ಬ್ಯಾಟರಿ ಬಿಟ್ಟ. ನೆಕ್ಕು, ಅಂದ.
ಸಪ್ಪಗಿದ್ರ ಟಾಕಿ ಸೋರತೈತಿ, ನೀರಡಿಸಿ ಊರ ಮುಟ್ಟತೇವಿ.
ಉಪ್ಪಗಿದ್ರ ಹಡಗು.
ಬೋರಿನ ಸವಳು, ನಳದ ಸಪ್ಪಳ, ಟ್ಯಾಂಕರಿನ ತುಕ್ಕು
ಕತ್ತಲದಾಗ ಬ್ಯಾರೆ ಮಾಡೂ ನಾಲಗಿ ಇದು.
ಬೊಗಸ್ಯಾಗ ತಗೊಂಡು ಹಚ್ಚಿದೆ.
ಉಪ್ಪು.

ಐದನೇದು. ಯಾತಕ್ಕಂತ ಯಾರಿಗೂ ನೆನಪಿಲ್ಲದ್ದು.
ಪಾಯಪಿಗೆ ಎರಡು ಕ್ಲಿಪ್ಪು ಬೇಕಿತ್ತು, ನಾ ಒಂದ ಬಿಗದಿದ್ದೆ.
ಹಿಡಿಕಿ ತಿರುವಿದೆ, ಅರ್ಧಕ್ಕ ಕಚ್ಚಿ ನಿಂತಿತು.
ಹದಿನಾರು ವರ್ಷದಾಗ ನಾ ಕಡದ ವಾಲ್ವು
ನಾನ ಮುಚ್ಚಿ ನೋಡಿದ್ದು ಅದ ಮೊದಲು.
ಹಳದಿ ಅಂಚಿನ ಬೆಣಿ ಇಟ್ಟು ಬಡದೆ, ಬಡದೆ,
ಕಟಗಿ ಕುಡೀತು, ಉಬ್ಬಿತು, ನಿಂತವು ನೀರು.
ಬೆಳತನಕ ಅದರ ಮ್ಯಾಲ ಅಂಗೈ ಇಟಗೊಂಡು ಕುಂತೆ.
ಹಡಗು ತೂಗತಿತ್ತು, ಮಾನಪ್ಪನ ಕೈಗೆ ರೂಢಿ ಇದ್ದಂಗ.

ಈಗ ಒಂದೊಂದು ವಾಲ್ವಿಗೂ ಎರಡೆರಡು ಸಲ ಒತ್ತಡ ಹಾಕಿ ನೋಡತೇನಿ.
ಮಾಲಕ ಕಿರಿಕಿರಿ ಮಾಡತಾನ.
ಮೊನ್ನೆ ನಡುರಾತ್ರಿ ನಿಂಬೆವ್ವ ಅಲಗಾಡಿಸಿದ್ಲು:
ಏಳ್ರಿ, ನೀರ ಬಂದಾವ.
ನಾ ಕಾಟಿನ ಕೆಳಗ ಕೈ ಹಾಕಿ ಬೆಣಿ ಹುಡುಕತಿದ್ದೆ.
ಆಕಿ ಕೊಡ ತಗೊಂಡು ನಕ್ಕೋತ ಹೋದ್ಲು.
ಹಿತ್ತಲಕ್ಕ ಹೋಗಿ, ಆಕಿ ನೋಡದಂಗ,
ನಳದ ಕೆಳಗ ಒಂದು ಬೆರಳು ಹಿಡದು ನೆಕ್ಕಿದೆ.
ಸಿಹಿ ಅದಾವ.
ಆದ್ರೂ ಚಾವಿ ಒಮ್ಮೆ ಮುಟ್ಟಿ ನೋಡಿದೆ.